ಉರುಳಿಯಲ್ಲಿ ಕಾಣೆಯಾದ ಒಂದು ರಾತಲು

ನಾನು ಕಲಿಸುವ ಅಂಕಗಣಿತದ ಪುಸ್ತಕದಲ್ಲಿ ಮಿಶ್ರಣದ ಲೆಕ್ಕಗಳಿಗೆಂದೇ ಏಳು ಪುಟಗಳಿವೆ. ಆ ಪುಟಗಳಲ್ಲಿ ವಾಸ ಮಾಡುವ ಜನರನ್ನು ನಾನು ಒಂದು ದಿನವೂ ನಂಬಿದವಳಲ್ಲ. ನೀವೂ ಅವರನ್ನು ಶಾಲೆಯಲ್ಲಿ ಕಂಡಿರುತ್ತೀರಿ. ಒಬ್ಬ ಹಾಲಿನವನು ಹಾಲಿಗೆ ನೀರು ಬೆರೆಸುತ್ತಾನೆ; ಬೆರೆಸಿ, ಎಷ್ಟು ಬೆರೆಸಿದೆ ಎಂದು ನಮ್ಮನ್ನೇ ಕೇಳುತ್ತಾನೆ. ಒಬ್ಬ ವರ್ತಕ ಒಳ್ಳೆಯ ಅಕ್ಕಿಗೆ ನುಚ್ಚು ಸೇರಿಸುತ್ತಾನೆ. ಇನ್ನೊಬ್ಬನ ಬಳಿ ನೂರಕ್ಕೆ ಎಪ್ಪತ್ತು ಪಾಲು ತಾಮ್ರವಿರುವ ಒಂದು ಗಟ್ಟಿ, ನೂರಕ್ಕೆ ತೊಂಬತ್ತು ತಾಮ್ರವಿರುವ ಮತ್ತೊಂದು ಗಟ್ಟಿ ಉಂಟು. ಅವನಿಗೆ ನೂರಕ್ಕೆ ಎಂಬತ್ತರದ್ದೇ ಬೇಕು. ಯಾಕೆ ಬೇಕು, ಕೊಳ್ಳುವವನಿಗೆ ಅವನು ಎಷ್ಟೆಂದು ಹೇಳುತ್ತಾನೆ, ಇದನ್ನು ಯಾರೂ ಕೇಳುವುದಿಲ್ಲ. ಮಕ್ಕಳು ಸ್ಲೇಟಿನಲ್ಲಿ ಉತ್ತರ ಬರೆದು ಅವನಿಗೆ ಸಹಾಯ ಮಾಡಿ ಮನೆಗೆ ಹೋಗುತ್ತಾರೆ.

ಹಾಲು ಮತ್ತು ಅಕ್ಕಿಯ ಲೆಕ್ಕಗಳನ್ನು ನಾನು ಬೇಗ ಬೇಗ ಮುಗಿಸುತ್ತೇನೆ. ಲೋಹದ ಲೆಕ್ಕ ಬಂದಾಗ ಮಾತ್ರ ಕೈ ನಿಧಾನವಾಗುತ್ತದೆ. ‘ಎರಡನ್ನೂ ಕರಗಿಸಿ ಒಂದು ಮಾಡಿದರೆ’ ಎಂದು ಬೋರ್ಡಿನ ಮೇಲೆ ಬರೆದು ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದುಂಟು. ಬೆಳ್ತಂಗಡಿಯ ನನ್ನ ಮಕ್ಕಳು ಟೀಚರಿಗೆ ಲೆಕ್ಕ ಮರೆತುಹೋಗಿದೆ ಎಂದು ತಿಳಿದುಕೊಂಡು ಒಬ್ಬರನ್ನೊಬ್ಬರು ತಿವಿಯುತ್ತಾರೆ. ಮರೆತದ್ದಲ್ಲ. ನನ್ನದೇ ಕೈಬರಹದಲ್ಲಿ, ತಾರೀಕು ಸಮೇತ, ಎಲ್ಲ ಡೈರಿಯಲ್ಲಿ ಉಂಟು.

ಡೈರಿ ಎಂದರೆ ನೀವು ದೊಡ್ಡ ವಿಚಾರಗಳನ್ನು ನಿರೀಕ್ಷಿಸಬಾರದು. ಹನ್ನೆರಡನೆಯ ವಯಸ್ಸಿನಿಂದ ಈ ಇಪ್ಪತ್ತಮೂರರವರೆಗೆ ನಾನು ಬರೆದದ್ದೆಲ್ಲ ಎಣಿಕೆ. ಬಂಟ್ವಾಳದ ಅಜ್ಜಿಮನೆಯಲ್ಲಿ ಕೋಳಿ ಇಟ್ಟ ಮೊಟ್ಟೆ ಎಷ್ಟು, ಅದರಲ್ಲಿ ಅಡುಗೆಮನೆಗೆ ತಲುಪಿದ್ದು ಎಷ್ಟು. ಪೇಟೆಯಿಂದ ತಂದ ಸೀಮೆಎಣ್ಣೆ ಎಷ್ಟು ದಿನ ಬಂತು, ಹಿಂದಿನ ಸಲ ಎಷ್ಟು ದಿನ ಬಂದಿತ್ತು. ಅಮ್ಮ ಕಟ್ಟಿದ ಮಲ್ಲಿಗೆಯ ದಂಡೆಯಲ್ಲಿ ಹೂ ಎಷ್ಟು, ನೆರೆಮನೆಯವರು ಕಟ್ಟಿಕೊಟ್ಟದ್ದರಲ್ಲಿ ಎಷ್ಟು. ಒಮ್ಮೆ ನಮ್ಮ ಸಂಗೀತದ ಮಾಸ್ತರು ಒಂದು ಗಂಟೆಯ ಪಾಠದಲ್ಲಿ ಎಷ್ಟು ಸಲ ಎಲೆ ಅಡಿಕೆ ಹಾಕಿದರು ಎಂದು ಬರೆದಿಟ್ಟು, ಅದನ್ನು ಅವರೇ ಓದುವ ಹಾಗಾಗಿ, ನನ್ನ ಸಂಗೀತ ಅಲ್ಲಿಗೇ ನಿಂತಿತು. ಯಾರೋ ಎಲ್ಲೋ ನಮಗೆ ಮೋಸ ಮಾಡುತ್ತಿದ್ದಾರೆ, ಸರಿಯಾಗಿ ಎಣಿಸಿದರೆ ಸಿಕ್ಕಿಬೀಳುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಮ್ಮವರಲ್ಲಿ ಆಸ್ತಿ ಬರುವುದು ಹೆಣ್ಣಿನ ಕಡೆಯಿಂದ. ಸಂಶಯವೂ ಹಾಗೆಯೇ ಬಂದಿತ್ತು. ವೇಣೂರಿಗೆ ಮದುವೆಯಾಗಿ ಹೋದ ನನ್ನ ದೊಡ್ಡಮ್ಮನಿಗೆ, ಎಂದರೆ ಅಮ್ಮನ ಅಕ್ಕನಿಗೆ, ಅದು ಧಾರಾಳವಾಗಿತ್ತು. ನನಗೆ ಅವರಿಗಿಂತ ಹೆಚ್ಚು. ಅಜ್ಜಿಗೆ ಮಾತ್ರ ಒಂದು ಚೂರೂ ಇರಲಿಲ್ಲ. ಆದ್ದರಿಂದ ಮನೆಯಲ್ಲಿ ಅವರೊಬ್ಬರನ್ನು ಕಾಯುವ ಹೊಣೆ ನನ್ನದೇ ಎಂದು ನಾನು ಭಾವಿಸಿದ್ದೆ.

ಅಜ್ಜಿಯ ಬಳಿ ಒಂದು ಕಂಚಿನ ಉರುಳಿ ಇತ್ತು. ಉರುಳಿ ಎಂದರೆ ಪಾಯಸ ಕಾಯಿಸುವ, ಬಾಯಿ ಅಗಲವಾದ, ದಪ್ಪ ಅಂಚಿನ ಪಾತ್ರೆ. ವರ್ಷದ ಉಳಿದ ದಿನಗಳಲ್ಲಿ ಅದು ಅಟ್ಟದ ಮೇಲೆ ಬೋರಲು ಮಲಗಿರುತ್ತಿತ್ತು. ಗದ್ದೆಯ ಹೊಸ ಭತ್ತವನ್ನು ಕುಟ್ಟಿ, ಮನೆಯವರೆಲ್ಲ ಸೇರಿ ಉಣ್ಣುವ ಹೊಸ ಅಕ್ಕಿ ಊಟದ ದಿನ ಅದು ಕೆಳಗಿಳಿಯುತ್ತಿತ್ತು. ಆ ದಿನದ ಪಾಯಸ ಬೇರೆ ಪಾತ್ರೆಯಲ್ಲಿ ಆಗಬಾರದು ಎಂಬುದು ಅಜ್ಜಿಯ ನಿಯಮ. ತನ್ನ ತಾಯಿ ಅದರಲ್ಲಿ ಮಾಡಿದ್ದರು, ತಾನೂ ಮಾಡಿದೆ ಎನ್ನುವುದಕ್ಕಿಂತ ಹೆಚ್ಚಿನ ಕಾರಣವನ್ನು ಅವರು ಹೇಳಿದ್ದಿಲ್ಲ. ಐವತ್ತೆಂಟರ ಊಟದ ದಿನ ಉರುಳಿಯ ಅಡಿಯಲ್ಲಿ ಕೂದಲೆಳೆಯ ಹಾಗೆ ಬಿರುಕು ಕಂಡಿತು. ಒಲೆಯಲ್ಲಿ ಪಾಯಸ ಚುಂಯ್ ಎಂದಿತು.

ಒಡೆದ ಕಂಚನ್ನು ಬೆಸೆಯಲಿಕ್ಕೆ ಬರುವುದಿಲ್ಲ. ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು. ಅದಕ್ಕೆ ಮೂಡಬಿದಿರೆಯ ಕಂಚುಗಾರ ಸೂರಪ್ಪ ಆಚಾರಿಗೆ ಹೇಳಿ ಕಳುಹಿಸಿದರು. ಆ ಉರುಳಿಯನ್ನು ಎರಕ ಹೊಯ್ದದ್ದು ಅವರ ತಂದೆಯಂತೆ.

ಐವತ್ತೊಂಬತ್ತನೆಯ ಇಸವಿ, ಆಗಸ್ಟ್ ಮೂವತ್ತು, ಭಾನುವಾರ. ಆಚಾರಿ ಬೆಳಗಿನ ಬಸ್ಸಿನಲ್ಲಿ ಬಂದರು. ತೆಳ್ಳಗಿನ ಮನುಷ್ಯ, ಹುಬ್ಬಿನ ಕೂದಲು ಅರ್ಧ ಸುಟ್ಟುಹೋಗಿತ್ತು. ಉರುಳಿಯನ್ನು ತಿರುಗಿಸಿ, ಬಿರುಕನ್ನು ಉಗುರಿನಿಂದ ಕೆರೆದು, “ಇದು ನಾಲ್ಕಕ್ಕೆ ಒಂದು, ಅಮ್ಮ. ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಇನ್ನು ಸ್ವಲ್ಪ ತವರ ಏರಿದರೆ ಸ್ವರ ಒಳ್ಳೆದು ಬರ್ತದೆ” ಎಂದರು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಡೈರಿಗೆ ಕನ್ನಡ ಮಾತ್ರ ಬರುತ್ತಿತ್ತಾದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಆ ತಿಂಗಳು ಹೈಸ್ಕೂಲಿನಲ್ಲಿ ನಮಗೆ ಲೋಹದ ಮಿಶ್ರಣದ ಲೆಕ್ಕ ನಡೆಯುತ್ತಿತ್ತು. ನಾಲ್ಕಕ್ಕೆ ಒಂದು ಎಂದರೆ ನೂರಕ್ಕೆ ಎಂಬತ್ತು ಎಂದು ನಾನು ಬಾಗಿಲ ಹಿಂದಿನಿಂದಲೇ ಹೇಳಿದೆ. ಆಚಾರಿ ನಕ್ಕರು. “ಸಣ್ಣಮ್ಮನಿಗೆ ಕೆಲಸ ಗೊತ್ತುಂಟು” ಎಂದರು. ಹೊಗಳಿದ್ದು ಯಾಕೆ ಎಂದು ನನಗೆ ಕೂಡಲೇ ಸಂಶಯ ಬಂತು.

ಪೇಟೆಯಲ್ಲಿ ಇದಿನಬ್ಬ ಸಾಹೇಬರ ಹಳೆ ಪಾತ್ರೆಯ ಅಂಗಡಿ ಇತ್ತು. ಅಜ್ಜಿ ಅವರಿಂದಲೇ ಮೂರು ರಾತಲು ತಾಮ್ರ, ಒಂದು ರಾತಲು ತವರ ತರಿಸಿದ್ದರು. ಕಿಲೋ ಆಗ ನಮ್ಮ ಪೇಟೆಗೆ ಬಂದಿರಲಿಲ್ಲ; ಒಂದು ರಾತಲು ಎಂದರೆ ಅರ್ಧ ಕಿಲೋಗೆ ತುಸು ಕಮ್ಮಿ. ಎಲ್ಲವನ್ನೂ ಅವರ ದೊಡ್ಡ ತಕ್ಕಡಿಯಲ್ಲಿ ನನ್ನ ಕಣ್ಣೆದುರೇ ತೂಗಬೇಕೆಂದು ನಾನು ಹಟ ಹಿಡಿದೆ. ಮೊದಲು ಖಾಲಿ ತಟ್ಟೆಗಳನ್ನು ಅದಲು ಬದಲು ಮಾಡಿ ತೋರಿಸಲಿಕ್ಕೆ ಹೇಳಿದೆ. ಇದಿನಬ್ಬ ಸಾಹೇಬರು ತೋರಿಸಿದರು. ತೋರಿಸಿ ಅಜ್ಜಿಯ ಕಡೆ ತಿರುಗಿ, “ನಿಮ್ಮ ಪುಳ್ಳಿ ಮದುವೆಯ ದಿನ ಮದುಮಗನನ್ನೂ ತೂಗಿಯೇ ತಕ್ಕೊಳ್ತಾಳೆ, ಅಮ್ಮ. ತಕ್ಕಡಿ ನಾನೇ ಕಳಿಸ್ತೇನೆ” ಎಂದರು.

ಹಳೆಯ ಉರುಳಿ ಹದಿನಾರು ರಾತಲು. ತಾಮ್ರ ಮೂರು, ತವರ ಒಂದು. ಒಟ್ಟು ಇಪ್ಪತ್ತು. ಅದೇ ಸಂಜೆ ಲೆಕ್ಕ ಮಾಡಿದೆ. ಹದಿನಾರರಲ್ಲಿ ತಾಮ್ರ ಹನ್ನೆರಡು ಮುಕ್ಕಾಲು ಚಿಲ್ಲರೆ, ಅದಕ್ಕೆ ಮೂರು ಸೇರಿಸಿ ಇಪ್ಪತ್ತರಿಂದ ಭಾಗಿಸಿದರೆ ಹೊಸ ಉರುಳಿಯಲ್ಲಿ ನೂರಕ್ಕೆ ಎಪ್ಪತ್ತೊಂಬತ್ತು ತಾಮ್ರ, ಇಪ್ಪತ್ತೊಂದು ತವರ. ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಪುಸ್ತಕದ ಹೊರಗೆ ನಾನು ಮಾಡಿದ ಮೊದಲನೆಯ ಲೆಕ್ಕ ಅದು. ಈಗಲೂ ಆ ಪುಟ ನೋಡಿದರೆ ಗೆರೆಗಳ ಗರ್ವ ಕಾಣುತ್ತದೆ.

ಸೆಪ್ಟೆಂಬರ್ ಇಪ್ಪತ್ತರಂದು ಉರುಳಿ ಬಂತು. ಹೊಸ ಕಂಚಿಗೆ ಒಂದು ಬೆಳಕು ಉಂಟು, ಹಳದಿಯೂ ಅಲ್ಲ, ಕೆಂಪೂ ಅಲ್ಲ. ಅಜ್ಜಿ ಅಂಚನ್ನು ಬೆರಳಿನಿಂದ ಮೀಟಿದರು. ಅದು ಹೇಳಿದ್ದನ್ನೇ ಹೇಳುತ್ತ, ಹೇಳುತ್ತ, ಎಷ್ಟೋ ಹೊತ್ತಿನ ಮೇಲೆ ನಿಂತಿತು. ಅಜ್ಜಿಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ನನ್ನದು ಶುರುವಾಯಿತು. ಅದೇ ತಕ್ಕಡಿಗೆ ಹೊರಿಸಿಕೊಂಡು ಹೋದೆ. ಉರುಳಿ ಹದಿನೆಂಟೂವರೆ. ಅಚ್ಚಿನ ಬಾಯಿಯಲ್ಲಿ ಉಳಿದದ್ದನ್ನು ಕತ್ತರಿಸಿದ ಎರಡು ತುಂಡುಗಳನ್ನು ಆಚಾರಿ ಒಟ್ಟಿಗೆ ಕೊಟ್ಟಿದ್ದರು, ಅವು ಅರ್ಧ. ಒಟ್ಟು ಹತ್ತೊಂಬತ್ತು.

ಇಪ್ಪತ್ತು ಹೋಗಿ ಹತ್ತೊಂಬತ್ತು ಬಂದಿತ್ತು. ಕಾಣೆಯಾದದ್ದು ಸರಿಯಾಗಿ ಒಂದು ರಾತಲು. ಕೊಟ್ಟ ತವರವೂ ಸರಿಯಾಗಿ ಒಂದು ರಾತಲು.

ಸಂಶಯದ ಮನುಷ್ಯರಿಗೆ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ. ತವರವನ್ನು ಮೂಸೆಗೆ, ಎಂದರೆ ಲೋಹ ಕರಗಿಸುವ ಆ ಮಣ್ಣಿನ ಕುಡಿಕೆಗೆ, ಹಾಕಲೇ ಇಲ್ಲ ಎಂದಿಟ್ಟುಕೊಂಡರೆ ತಾಮ್ರ ನೂರಕ್ಕೆ ಎಂಬತ್ತಮೂರು ಆಗುತ್ತದೆ. ತೂಕ ಹತ್ತೊಂಬತ್ತಕ್ಕೆ ಕೂಡುತ್ತದೆ. ಉತ್ತರ ಒಪ್ಪಿದ ಲೆಕ್ಕವನ್ನು ಯಾರಾದರೂ ಮತ್ತೆ ನೋಡುತ್ತಾರೆಯೆ?

ಆಚಾರಿ ಇನ್ನೂ ನಮ್ಮ ಜಗಲಿಯಲ್ಲೇ ಕೂತಿದ್ದರು. ನಾನು ಡೈರಿ ಹಿಡಿದುಕೊಂಡು ಹೋಗಿ, “ಆಚಾರ್ರೆ, ಒಂದು ರಾತಲು ಕಮ್ಮಿ ಉಂಟು” ಎಂದೆ.

“ಇರ್ತದೆ” ಎಂದರು. “ಬೆಂಕಿ ತಿಂತದೆ.”

“ತವರ ಒಂದೇ ತಿಂತದೋ?”

ಅವರು ನನ್ನ ಮುಖ ನೋಡಿದರು. ಆಮೇಲೆ ಅಜ್ಜಿಯ ಮುಖ ನೋಡಿದರು. ಬಾಯಲ್ಲಿದ್ದ ಎಲೆಯನ್ನು ಅಂಗಳದ ಬದಿಗೆ ಹೋಗಿ ಉಗಿದು ಬಂದು, “ನಾನು ಹೊರಡ್ತೇನೆ ಅಮ್ಮ, ಬಸ್ಸುಂಟು” ಎಂದರು. ಬಸ್ಸಿಗೆ ಇನ್ನೂ ಒಂದೂಕಾಲು ಗಂಟೆ ಇತ್ತು. ನಾನು ಅದನ್ನೂ ಬರೆದುಕೊಂಡೆ.

ಅಜ್ಜಿ ನನಗೆ ಬೈಯಲಿಲ್ಲ. “ಮಗಾ, ಸ್ವರ ಕೇಳಿದ್ದೀಯಲ್ಲ” ಎಂದರು ಅಷ್ಟೆ. ಸ್ವರವನ್ನು ಯಾವ ಅಂಕಣದಲ್ಲಿ ಬರೆಯುವುದು? ಮುಂದಿನ ಭಾನುವಾರ ದೊಡ್ಡಮ್ಮ ವೇಣೂರಿನಿಂದ ಬಂದರು. ಅವರಿಗೆ ಡೈರಿ ತೋರಿಸಿದೆ. ದೊಡ್ಡಮ್ಮನಿಗೆ ಶೇಕಡಾ ಲೆಕ್ಕ ಬರುತ್ತಿರಲಿಲ್ಲ. ಆದರೆ ಎರಡು ಗೆರೆ ಎಳೆದ ಉತ್ತರದ ಮೇಲೆ ಬೆರಳಿಟ್ಟು, “ನನಗೆ ಅವನ ನಗೆ ನೋಡಿಯೇ ಗೊತ್ತಿತ್ತು” ಎಂದರು. ಇಷ್ಟು ಬೇಗ ನನ್ನನ್ನು ಯಾರೂ ಅರ್ಥ ಮಾಡಿಕೊಂಡದ್ದಿಲ್ಲ. ಅವರು ಹೊರಡುವಾಗ ಲೆಕ್ಕವನ್ನು ಒಂದು ಹಾಳೆಯಲ್ಲಿ ಚೆಂದವಾಗಿ ನಕಲು ಮಾಡಿ ಕೊಟ್ಟೆ.

ಇದಾದ ಮೇಲೆ ಅಜ್ಜಿ ಒಂದು ಮಾತು ಹೇಳಿದರು: “ಬೆಂಕಿ ತಿಂತದೋ ಇಲ್ಲವೋ, ಹೋಗಿ ನೋಡಿ ಬಾ. ಕೂತಲ್ಲೇ ಬರೆದರೆ ಆಗುವುದಿಲ್ಲ.” ಅಕ್ಟೋಬರ್ ಎರಡನೆಯ ತಾರೀಕು ಶಾಲೆಗೆ ರಜೆ. ಅಮ್ಮನ ತಮ್ಮನಾದ ಮಾವನ ಜೊತೆ ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದಿರೆಗೆ ಹೋದೆ. ಕೈಚೀಲದಲ್ಲಿ ಡೈರಿ, ಎರಡು ಪೆನ್ಸಿಲು, ಇದಿನಬ್ಬ ಸಾಹೇಬರಿಂದ ಕೇಳಿ ತಂದ ಒಂದು ಸಣ್ಣ ತಕ್ಕಡಿ ಮತ್ತು ಅದರ ತೂಕದ ಬೊಟ್ಟುಗಳು. ಆಚಾರಿಯ ತಕ್ಕಡಿಯನ್ನು ನಂಬುವಷ್ಟು ಮೂರ್ಖಳಲ್ಲ ನಾನು.

ಆಚಾರಿಯ ಕೆಲಸದ ಕೊಟ್ಟಿಗೆಯಲ್ಲಿ ತೆಂಗಿನ ಗೆರಟೆಯ ಇದ್ದಿಲಿನ ರಾಶಿ ಇತ್ತು. ಗೋಡೆಯ ಬದಿಗೆ ಮೂರು ಮಣ್ಣಿನ ಅಚ್ಚುಗಳು ಬಾಯಿ ತೆರೆದು ಕೂತಿದ್ದವು. ಮೇಣದಲ್ಲಿ ಪಾತ್ರೆಯ ರೂಪ ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಒಣಗಿಸಿ, ಬಿಸಿ ಮಾಡಿದರೆ ಮೇಣ ಕರಗಿ ಹೊರಗೆ ಹೋಗುತ್ತದೆ. ಆ ಪೊಳ್ಳಿಗೆ ಕಂಚು ಹೊಯ್ಯುತ್ತಾರೆ. ಮೇಣ ಹೋದ ಅಚ್ಚನ್ನು ಹೆಚ್ಚು ದಿನ ಇಡಲಿಕ್ಕಾಗುವುದಿಲ್ಲ, ಮಳೆಯ ತಂಪಿಗೆ ಒಳಗೆ ಸೀಳುತ್ತದೆ. ಇದನ್ನೆಲ್ಲ ಆಚಾರಿ ನಾನು ಕೇಳದೆಯೇ ಹೇಳಿದರು. ನಾನು ಬಂದದ್ದು ಯಾಕೆ ಎಂದು ಮಾತ್ರ ಅವರು ಕೇಳಲಿಲ್ಲ.

“ಮೂರು ಅಚ್ಚು ಖಾಲಿ ಯಾಕೆ?” ಎಂದು ಮಾವ ಕೇಳಿದರು.

“ವೇಣೂರಿನವರದ್ದು. ಒಂದು ಕಾಲುದೀಪ, ಒಂದು ಗಿಂಡಿ, ಒಂದು ಗಂಟೆ. ನಿನ್ನೆ ಬಂದು ಕಂಚು ವಾಪಸು ತಕ್ಕೊಂಡು ಹೋದರು.”

ಕಾಲುದೀಪ ದೊಡ್ಡಮ್ಮನದ್ದು. ಉಳಿದೆರಡು ಅವರ ನೆರೆಯ ಮನೆಗಳದ್ದು. ನನ್ನ ಹಾಳೆ ಬಸ್ಸಿನಲ್ಲಿ ಹೋಗಿ ಐದು ದಿನವಾಗಿತ್ತು.

“ವೇಣೂರು ಹೋದರೆ ಮತ್ತೆ ಯಾರು ಉಂಟು ನನಗೆ” ಎಂದು ಆಚಾರಿ ಇದ್ದಿಲು ತುಂಬುತ್ತ ಹೇಳಿದರು. ದೂರು ಹೇಳುವ ಸ್ವರ ಅಲ್ಲ. “ಪೇಟೆಯವರೆಲ್ಲ ಈಗ ಅಲ್ಯೂಮಿನಿಯಂ ತಕ್ಕೊಳ್ತಾರೆ. ಕಂಚು ಬೇಕಾದ ಮನೆಗಳು ನಾಲ್ಕೋ ಐದೋ. ಅವರಿಗೆಲ್ಲ ಒಬ್ಬರಿಂದೊಬ್ಬರಿಗೆ ಸಂಬಂಧ. ಒಂದು ಮನೆಯ ಮಾತು ಐದು ಮನೆಗೆ ಸಾಕು.”

ಆ ದಿನ ಅವರು ಎರಕ ಹೊಯ್ಯಲಿದ್ದದ್ದು ತಮ್ಮದೇ ಮನೆಯ ಒಡೆದ ಹರಿವಾಣಗಳನ್ನು. ನಾನು ತೂಗಿದೆ. ಹತ್ತು ರಾತಲು. ಮಾವ ತಿದಿ ಒತ್ತಿದರು. ಮೂಸೆಯಲ್ಲಿ ಕಂಚು ಮೊದಲು ಕೆಂಪಾಗಿ, ಆಮೇಲೆ ಕೊಬ್ಬರಿ ಎಣ್ಣೆಯ ಹಾಗೆ ತೆಳುವಾಯಿತು. ಮೇಲೆ ಕೆನೆಯಂಥದ್ದೊಂದು ಕಟ್ಟಿತು. ಆಚಾರಿ ಅದನ್ನು ಕಬ್ಬಿಣದ ಸೌಟಿನಲ್ಲಿ ತೆಗೆದು ಬದಿಗೆ ಚೆಲ್ಲಿದರು. ಕಿಟ್ಟ ಅಂತ ಅದಕ್ಕೆ ಹೆಸರು. ಮತ್ತೆ ಕಟ್ಟಿತು, ಮತ್ತೆ ತೆಗೆದರು. ಹೊಗೆ ಮಾಡಿನ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಅಚ್ಚು ತಣಿಯುವವರೆಗೆ ನಾನು ಜಾಗ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಮಾವನೊಬ್ಬರೇ ಪೇಟೆಗೆ ಹೋಗಿ ಬಂದರು. ಸಂಜೆ ನಾಲ್ಕಕ್ಕೆ ಮಣ್ಣು ಒಡೆದು, ಬಂದದ್ದನ್ನು ಚೂರು ಬಿಡದೆ ನನ್ನ ತಕ್ಕಡಿಗೇ ಹಾಕಿದೆ. ಒಂಬತ್ತೂವರೆ.

ಬೊಟ್ಟುಗಳನ್ನು ಬದಲಿಸಿ ಮತ್ತೆ ತೂಗಿದೆ. ಒಂಬತ್ತೂವರೆಯೇ.

ಹತ್ತಕ್ಕೆ ಅರ್ಧ. ಇಪ್ಪತ್ತಕ್ಕೆ ಒಂದು. ನೂರಕ್ಕೆ ಐದು. ತವರ ಒಂದನ್ನೇ ಅಲ್ಲ, ಬೆಂಕಿ ಎರಡನ್ನೂ ತಿಂದಿತ್ತು. ನಮ್ಮ ಪುಸ್ತಕದ ಏಳು ಪುಟಗಳಲ್ಲಿ ಎಷ್ಟೊಂದು ಗಟ್ಟಿಗಳು ಕರಗುತ್ತವೆ, ಒಂದರಲ್ಲಿಯೂ ಬೆಂಕಿ ಇಲ್ಲ.

ಆಚಾರಿ ಕೈ ತೊಳೆದು ಬಂದು, “ಲೆಕ್ಕ ಕೂಡಿತಾ ಸಣ್ಣಮ್ಮ?” ಎಂದರು. ಹೌದೆಂದು ತಲೆ ಆಡಿಸಿದೆ. ಮಾಡಿದ ತಪ್ಪನ್ನು ಸರಿಪಡಿಸುವುದು ಸುಲಭ ಎಂದು ಆ ಹೊತ್ತಿಗೆ ನಾನು ನಂಬಿದ್ದೆ. ಉತ್ತರ ತಪ್ಪಾದರೆ ರಬ್ಬರು ತಿಕ್ಕಿ ಬೇರೆ ಬರೆಯುವುದು, ಅಷ್ಟೇ ತಾನೆ.

ಅಕ್ಟೋಬರ್ ನಾಲ್ಕು, ಭಾನುವಾರ, ವೇಣೂರಿಗೆ ಹೋದೆ. ದೊಡ್ಡಮ್ಮನ ಜಗಲಿಯಲ್ಲಿ ನೆರೆಯ ಇಬ್ಬರು ಹೆಂಗಸರೂ ಇದ್ದರು. ನಾನು ನಿಂತುಕೊಂಡೇ ಎಲ್ಲ ವಿವರಿಸಿದೆ. ಹತ್ತು, ಒಂಬತ್ತೂವರೆ, ಕಿಟ್ಟ, ಹೊಗೆ, ನೂರಕ್ಕೆ ಐದು. ಮೊದಲನೆಯ ಲೆಕ್ಕಕ್ಕಿಂತ ಇದು ನಾಲ್ಕು ಪಟ್ಟು ಒಳ್ಳೆಯ ಲೆಕ್ಕ. ಮೊದಲನೆಯದನ್ನು ನಾನು ಕೂತಲ್ಲೇ ಮಾಡಿದ್ದೆ, ಇದನ್ನು ಇಡೀ ದಿನ ಹೊಗೆ ಕುಡಿದು ಮಾಡಿದ್ದೆ.

ದೊಡ್ಡಮ್ಮ ಎಲ್ಲ ಕೇಳಿದರು. ಕೇಳಿ, ನೆರೆಯವರನ್ನು ಒಮ್ಮೆ ನೋಡಿ, “ಆಚಾರಿ ಏನು ಕೊಟ್ಟ ನಿನಗೆ?” ಎಂದರು.

“ಏನೂ ಕೊಡಲಿಲ್ಲ.”

“ಊಟ ಹಾಕಿದನಾ?”

“ಇಲ್ಲ ದೊಡ್ಡಮ್ಮ. ನಾನು ಊಟವೇ ಮಾಡಲಿಲ್ಲ.”

“ಹಸಿದ ಹೊಟ್ಟೆಯಲ್ಲಿ ಏನು ತೂಗಿದ್ದೀಯೋ ಏನೋ” ಎಂದು ನೆರೆಯವರೊಬ್ಬರು ಹೇಳಿದರು.

ನಾನು ಆಚಾರಿ ಕೊಟ್ಟ ಎರಡು ತುಂಡುಗಳನ್ನು ಚೀಲದಿಂದ ತೆಗೆದೆ. ಇವು ಅದೇ ಉರುಳಿಯ ಕಂಚು, ಒಡೆದು ನೋಡಿ, ತವರ ಹಾಕಿದ್ದು ಗೊತ್ತಾಗುತ್ತದೆ ಎಂದೆ. ದೊಡ್ಡಮ್ಮ ಅವನ್ನು ಕೈಯಲ್ಲೂ ಹಿಡಿಯಲಿಲ್ಲ. “ಅದು ಬೇರೆ ಮೂಸೆಯದ್ದು ಇರಬಹುದು. ಕೊಡುವವನು ಒಳ್ಳೆದೇ ಕೊಡ್ತಾನಲ್ಲ” ಎಂದರು. ಅಜ್ಜಿ ಸ್ವರ ಕೇಳಿ ಒಪ್ಪಿದ್ದಾರೆ ಎಂದೆ. “ಸ್ವರ ತಾಮ್ರದ ಕೊಡಕ್ಕೂ ಉಂಟು.”

ಅವರ ಪ್ರತಿಯೊಂದು ಮಾತಿಗೂ ನನ್ನದೇ ಮುಖ ಇತ್ತು. ಎರಡು ವಾರದ ಹಿಂದೆ ನನಗೇ ಯಾರಾದರೂ ಇದನ್ನೆಲ್ಲ ಹೇಳಿದ್ದರೆ ನಾನು ಅದೇ ಪ್ರಶ್ನೆಗಳನ್ನು, ಅದೇ ಅನುಕ್ರಮದಲ್ಲಿ ಕೇಳುತ್ತಿದ್ದೆ. ಕಳ್ಳ ಎಂದು ಹೇಳಿದಾಗ ಒಂದು ಹಾಳೆ ಸಾಕಾಗಿತ್ತು. ಅಲ್ಲ ಎಂದು ಹೇಳಲಿಕ್ಕೆ ಇಡೀ ಡೈರಿ ಸಾಕಾಗಲಿಲ್ಲ.

ಕೊನೆಗೆ ದೊಡ್ಡಮ್ಮ ಹೇಳಿದರು: “ಆ ಉರುಳಿಯನ್ನೇ ನಮ್ಮೆದುರು ಒಡೆದು ತೋರಿಸಲಿ. ಸರಿಯಾದ ಕಂಚಾದರೆ ಗಾಜಿನ ಹಾಗೆ ಒಡೀತದೆ, ಒಳಗೆ ಬೆಳ್ಳಗಿರ್ತದೆ. ತವರ ಕದ್ದಿದ್ದರೆ ಕೆಂಪು ಕಾಣ್ತದೆ. ಹಾಗಾದರೆ ನಾನು ನಂಬ್ತೇನೆ. ನಾಳೆಯೇ ನನ್ನ ದೀಪದ ಕಂಚು ಅವನಿಗೆ ಕೊಡ್ತೇನೆ.”

ಅಂಚಿನಿಂದ ಒಂದು ಚೂರು ತೆಗೆದರೆ ಸಾಕಲ್ಲ ಎಂದು ನಿಮಗೆ ಅನ್ನಿಸಬಹುದು. ನಾನೂ ವೇಣೂರಿನಿಂದ ಬರುವ ದಾರಿಯಲ್ಲಿ ಮೂಡಬಿದಿರೆಯಲ್ಲಿ ಇಳಿದು ಆಚಾರಿಯ ಬಳಿ ಅದನ್ನೇ ಕೇಳಿದೆ. “ಅಂಚಿಗೆ ಹೊಡೆದರೆ ಬಿರುಕು ಅಡಿವರೆಗೆ ಓಡ್ತದೆ. ಮತ್ತೆ ಅದು ಪಾತ್ರೆ ಅಲ್ಲ” ಎಂದರು. “ಅಮ್ಮನಿಗೆ ಹೇಳಬೇಡಿ. ಹೊಸ ಅಕ್ಕಿ ಊಟ ಹತ್ತಿರ ಬಂತು. ನನ್ನದು ಹೇಗೋ ಆಗ್ತದೆ.” ಹೇಗೆ ಆಗುತ್ತದೆ ಎಂದು ಅವರು ಹೇಳಲಿಲ್ಲ. ಖಾಲಿ ಅಚ್ಚುಗಳಲ್ಲಿ ಒಂದು ಆಗಲೇ ಸೀಳಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಬಾವಿಕಟ್ಟೆಯ ಹತ್ತಿರ ಇದ್ದರು. ಹೊಸ ಕಂಚಿನ ಕನರು ಹೋಗಲಿ ಎಂದು ಉರುಳಿಯಲ್ಲಿ ದಿನವೂ ಅಕ್ಕಿ ತೊಳೆದ ನೀರು ತುಂಬಿಸಿ ಇಡುತ್ತಿದ್ದರು. ಅದನ್ನು ಬದಲಿಸಲು ಬಂದಿದ್ದರು.

“ಅಜ್ಜಿ, ಉರುಳಿ ಬೇಕಿತ್ತು.”

“ಯಾವುದಕ್ಕೆ?”

“ಒಡೆಯಲಿಕ್ಕೆ.”

ಅಜ್ಜಿ ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಎಲ್ಲ ಕೇಳಿದರು. ನಡುವೆ ಒಂದೇ ಒಂದು ಪ್ರಶ್ನೆ: ಆಚಾರಿಯ ಅಚ್ಚುಗಳು ಎಷ್ಟು ಖಾಲಿ ಇವೆ ಎಂದು. ಮೂರು, ಅದರಲ್ಲಿ ಒಂದು ಸೀಳಿದೆ ಎಂದೆ. ಮಾತು ಮುಗಿದ ಮೇಲೆ ಉರುಳಿಯ ಕಡೆ ತಿರುಗಿದರು.

“ಊಟಕ್ಕೆ ಎಷ್ಟು ದಿನ ಉಂಟು?”

“ನಾಲ್ಕು.”

“ಆ ಲೆಕ್ಕ ಸರಿ ಉಂಟು ನಿನ್ನದು” ಎಂದು ಎದ್ದು, ಉರುಳಿಯನ್ನು ವಾಲಿಸಿ, ಅಕ್ಕಿ ತೊಳೆದ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದರು. ಸೆರಗಿನಿಂದ ಒಳಗೆಲ್ಲ ಒರೆಸಿದರು. “ಮಾವನಿಗೆ ಹೊರಲಿಕ್ಕೆ ಹೇಳು.”

ಅಕ್ಟೋಬರ್ ಆರು. ವೇಣೂರಿನ ಅಂಗಳದಲ್ಲಿ ನಾನು, ಮಾವ, ದೊಡ್ಡಮ್ಮ, ನೆರೆಯ ಇಬ್ಬರು ಮತ್ತು ಆಚಾರಿ. ಅಜ್ಜಿ ಬರಲಿಲ್ಲ. ಉರುಳಿಯನ್ನು ಒಗೆಯುವ ಕಲ್ಲಿನ ಮೇಲೆ ಬೋರಲು ಇಟ್ಟರು. ದೊಡ್ಡಮ್ಮ ಸುತ್ತಿಗೆಯನ್ನು ಆಚಾರಿಯ ಕಡೆ ಚಾಚಿದರು. ಆಚಾರಿ ಕೈ ಹಿಂದೆ ಕಟ್ಟಿಕೊಂಡರು.

“ನಾನು ಹೊಡೆದರೆ, ಹೊಡೆದದ್ದರಲ್ಲಿ ಏನೋ ಕೆಲಸ ಉಂಟು ಅಂತ ನಾಳೆ ಮಾತು ಬರ್ತದೆ. ಸಣ್ಣಮ್ಮನೇ ಹೊಡೆಯಲಿ.”

ನಾನು ಹೊಡೆದೆ. ಮೊದಲನೆಯ ಪೆಟ್ಟು ಮೆಲ್ಲಗೆ ಬಿತ್ತು. ಉರುಳಿ ಒಡೆಯಲಿಲ್ಲ, ಸ್ವರ ಮಾಡಿತು. ಅಜ್ಜಿಯ ಬೆರಳಿಗೆ ಹೇಳಿದ್ದನ್ನೇ ಇಡೀ ಅಂಗಳಕ್ಕೆ ಹೇಳಿತು. ದೊಡ್ಡಮ್ಮನ ಮುಖ ಸ್ವಲ್ಪ ಸಡಿಲಾದ ಹಾಗೆ ಕಂಡಿತು. ಸಾಕು ಎಂದು ಹೇಳುತ್ತಾರೋ ಎಂದು ನಾನು ಕಾದೆ. ಅವರು ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೂ ಹೇಳುತ್ತಿರಲಿಲ್ಲ.

ಎರಡನೆಯ ಪೆಟ್ಟಿಗೆ ಐದು ತುಂಡಾಯಿತು.

ದೊಡ್ಡಮ್ಮ ಒಂದು ತುಂಡನ್ನು ಬಿಸಿಲಿಗೆ ಹಿಡಿದರು. ಒಡೆದ ಬದಿ ಬೂದುಬಿಳಿ, ನುಣ್ಣಗೆ, ಸಣ್ಣ ಸಣ್ಣ ಹರಳಿನ ಹಾಗೆ. ಕೆಂಪು ಎಲ್ಲಿಯೂ ಇರಲಿಲ್ಲ. ಉಳಿದ ನಾಲ್ಕನ್ನೂ ಒಂದೊಂದಾಗಿ ನೋಡಿದರು. ನೆರೆಯವರೂ ನೋಡಿದರು. “ಸರಿ ಉಂಟು” ಎಂದರು ದೊಡ್ಡಮ್ಮ. ಆಮೇಲೆ ಆಚಾರಿಯ ಕಡೆ ತಿರುಗಿ, ಸ್ವಲ್ಪ ತಗ್ಗಿದ ಸ್ವರದಲ್ಲಿ, “ದೀಪಕ್ಕೆ ಹೊಸ ಅಚ್ಚು ಮಾಡಬೇಕಾ, ಹಳೆಯದೇ ಆಗ್ತದಾ?” ಎಂದು ಕೇಳಿದರು.

“ದೀಪದ್ದು ಗಟ್ಟಿ ಉಂಟು. ಸೀಳಿದ್ದು ಗಿಂಡಿಯದ್ದು” ಎಂದು ಹೇಳಿ ಆಚಾರಿ ಕಲ್ಲಿನ ಬುಡದಲ್ಲಿ ಕೂತು ಚೂರುಗಳನ್ನು ಆರಿಸತೊಡಗಿದರು. ಮೂರು ಮನೆಯ ಕಂಚೂ ಅದೇ ಸಂಜೆ ಅವರ ಜೊತೆ ಮೂಡಬಿದಿರೆಗೆ ಹೋಯಿತು. ನಮ್ಮ ಉರುಳಿಯ ತುಂಡುಗಳೂ ಹೋದವು.

ಆ ವರ್ಷದ ಹೊಸ ಅಕ್ಕಿ ಊಟಕ್ಕೆ ಪಾಯಸ ಆದದ್ದು ಎರವಲು ತಂದ ತಾಮ್ರದ ಪಾತ್ರೆಯಲ್ಲಿ. ಅದರ ಕಲಾಯಿಯ ವಾಸನೆ ಪಾಯಸಕ್ಕೆ ಬಂದಿತ್ತು. ಅಜ್ಜಿ ಆ ಪಾಯಸವನ್ನು ತಾವು ಬಡಿಸಲಿಲ್ಲ, ಅಮ್ಮನಿಗೆ ಬಡಿಸಲು ಹೇಳಿದರು.

ನವೆಂಬರಿನಲ್ಲಿ ಉರುಳಿ ಮತ್ತೆ ಬಂತು. ಆಚಾರಿ ಅದಕ್ಕೆ ಹೊಸ ಲೋಹ ಸೇರಿಸಲಿಲ್ಲ, ಸೇರಿಸಬೇಡಿ ಎಂದು ಅಜ್ಜಿಯೇ ಹೇಳಿ ಕಳುಹಿಸಿದ್ದರಂತೆ. ನಾನು ಅದನ್ನು ಇದಿನಬ್ಬ ಸಾಹೇಬರ ಅಂಗಡಿಗೆ ಒಯ್ಯಲಿಲ್ಲ. ಆದರೂ ಕಣ್ಣಿಗೇ ಗೊತ್ತಾಗುತ್ತಿತ್ತು, ಬಾಯಿ ಒಂದು ಬೆರಳಿನಷ್ಟು ಕಿರಿದಾಗಿತ್ತು. ಅಜ್ಜಿ ಅಂಚು ಮೀಟಿ ಕೇಳಿದರು. ಆಮೇಲೆ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು.

“ಇದು ಎರಡನೆಯ ಸಲ ಕರಗಿದ್ದು. ಈ ಸಲ ಬೆಂಕಿ ಎಷ್ಟು ತಿಂದಿತು?”

“ಹದಿನೆಂಟೂವರೆಗೆ ನೂರಕ್ಕೆ ಐದರ ಹಾಗೆ, ಒಂದು ರಾತಲಿಗೆ ಚೂರು ಕಮ್ಮಿ.”

“ರಾತಲು ನನಗೆ ಅರ್ಥ ಆಗುವುದಿಲ್ಲ. ಪಾಯಸದಲ್ಲಿ ಹೇಳು.”

ನಾನು ಡೈರಿ ತಂದೆ. ಸೆಪ್ಟೆಂಬರಿನಲ್ಲಿ ಬಂದ ಉರುಳಿಯಲ್ಲಿ ನಲವತ್ತೆರಡು ಸೌಟು ಹಿಡಿಯುತ್ತಿತ್ತು ಎಂದು ನಾನು ಆಗಲೇ ಬರೆದಿಟ್ಟಿದ್ದೆ. ಈಗಿನದಕ್ಕೆ ನೀರು ಅಳೆದು ಹೊಯ್ದೆ. ನಲವತ್ತು.

“ಎರಡು ಸೌಟು ಕಮ್ಮಿ, ಅಜ್ಜಿ.”

ಅಜ್ಜಿ ತಲೆ ಆಡಿಸಿದರು. ಸಿಟ್ಟು ಇರಲಿಲ್ಲ. ಒಂದು ಸಾಮಾನನ್ನು ಅದರ ಜಾಗದಲ್ಲಿ ಇಡುವ ಹಾಗೆ ಹೇಳಿದರು: “ಹಾಗಾದರೆ ಅದು ನಿನ್ನ ಪಾಲು.”

ಮುಂದಿನ ವರ್ಷದ ಊಟಕ್ಕೆ ಅಜ್ಜಿ ಮತ್ತೆ ತಾವೇ ಸೌಟು ಹಿಡಿದರು. ಸಾಲಿನ ಈ ತುದಿಯಿಂದ ಆರಂಭಿಸಿ, ಒಬ್ಬೊಬ್ಬರಿಗೆ ಎರಡೆರಡರಂತೆ ಬಡಿಸುತ್ತ ಬಂದರು. ದೊಡ್ಡಮ್ಮ ನನ್ನ ಬಲಕ್ಕೆ ಕೂತಿದ್ದರು. ಅಜ್ಜಿ ನನ್ನ ಎಲೆಯ ಮುಂದೆ ನಿಂತು, ಸೌಟು ಎತ್ತಿ, ನನ್ನ ಮುಖ ನೋಡಿ, ದೊಡ್ಡಮ್ಮನ ಎಲೆಗೆ ಹೋದರು.